ಓದುವ ಮಕ್ಕಳಿಗೂ ಒಂದು ಸುತ್ತುನಿಧಿ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನಲ್ಲಿ ಮಹಿಳಾ ಸಂಘಗಳೆಲ್ಲ ಸೇರಿದ ಒಂದು ಸಂಜೀವಿನಿ ಒಕ್ಕೂಟದಲ್ಲಿ ಮುಖ್ಯ ಪುಸ್ತಕ ಬರಹಗಾರ್ತಿ. ಊರಲ್ಲಿ ಎಲ್ಲರೂ ಎಂಬಿಕೆ ಅನ್ನುತ್ತಾರೆ. ಪಿಯುಸಿವರೆಗೆ ಓದಿದ್ದೇನೆ. ಮಹಿಳಾ ಸಂಘಗಳ ಉಳಿತಾಯ, ಸಾಲ, ಕಂತು, ಬಡ್ಡಿ ಬರೆದಿಡುವುದು ನನ್ನ ಕೆಲಸ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಪತ್ರ ಉದ್ದವಾಗಿದೆ. ಇದರಲ್ಲಿರುವುದು ಲೆಕ್ಕ, ಅರ್ಧ ಕತ್ತರಿಸಿದರೆ ತಾಳೆ ಬೀಳುವುದಿಲ್ಲ. ದಯವಿಟ್ಟು ಪೂರ್ತಿ ಹಾಕಿ.

ಹೋದ ಗುರುವಾರ ಸಂಘದ ಸಭೆ ಮುಗಿಸಿ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಸದಸ್ಯೆಯೊಬ್ಬಳು ಮಗಳನ್ನು ಕರೆದುಕೊಂಡು ಬಂದು ಎದುರಿಗೆ ಕೂತಳು. ಹುಡುಗಿಯದು ಬಿ.ಎ. ಕೊನೆಯ ಸೆಮಿಸ್ಟರ್. ‘ಅಕ್ಕಾರ, ನಿಮ್ಮ ಮಗಳು ಓದಾಕತ್ತಾಳಲ್ರೀ, ಹಳ್ಳಿ ಸುಧಾರಣಿ ಮಾಡೂ ಓದು, ಅದನ್ನ ಇಕಿನೂ ಓದ್ತೀನಿ ಅಂತಾಳ. ಎಷ್ಟ್ ರೊಕ್ಕ ಹಿಡಿತೈತ್ರೀ?’ ಎಂದು ಕೇಳಿದಳು.

ನನಗೆ ತಟ್ಟನೆ ಉತ್ತರ ಹೇಳಲಾಗಲಿಲ್ಲ. ಮೊತ್ತವೇನೋ ನನಗೆ ಬಾಯಿಪಾಠವಾಗಿದೆ. ಆದರೆ ನನ್ನ ಮಗಳ ಓದಿನ ಹಿಂದೆ ಮೂರು ವರ್ಷ ಓಡಾಡಿ ನಾನು ತಿಳಿದುಕೊಂಡದ್ದು ಏನೆಂದರೆ, ರೊಕ್ಕ ಎಷ್ಟು ಬೇಕು ಅನ್ನುವುದಕ್ಕಿಂತ ಯಾವ ತಾರೀಖಿಗೆ ಬೇಕು ಅನ್ನುವುದರ ಮೇಲೆಯೇ ನಮ್ಮಂಥವರ ಮಕ್ಕಳ ಓದು ನಿಂತಿದೆ. ಸರ್ಕಾರದಲ್ಲಿ ದುಡ್ಡು ಇದೆ, ಯೋಜನೆಗಳೂ ಇವೆ. ಅವೆಲ್ಲ ಬಂದು ಮುಟ್ಟುವಷ್ಟರಲ್ಲಿ ಸೀಟು ಹೋಗಿರುತ್ತದೆ. ಅದಕ್ಕೇ ಸೀಟು ಸಿಕ್ಕ ಮಕ್ಕಳ ಮೊದಲ ಕಂತಿಗೆ ಒಂದು ಸುತ್ತುನಿಧಿ, ಅಂದರೆ ಒಬ್ಬರು ತೀರಿಸಿದ ದುಡ್ಡು ಇನ್ನೊಬ್ಬರಿಗೆ ಹೋಗುವ ನಿಧಿ, ಬೇಕು ಎಂದು ಕೇಳಲು ಈ ಪತ್ರ.

ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದವಳು. ಗ್ರಾಮೀಣಾಭಿವೃದ್ಧಿ ಓದಬೇಕೆಂಬ ಹಟ ಅವಳಿಗೆ ಹುಟ್ಟಿದ್ದು ನಮ್ಮ ಮನೆಯ ಕಟ್ಟೆಯ ಮೇಲೆ. ಅವಳು ಎರಡನೇ ವರ್ಷದಲ್ಲಿದ್ದಾಗ ದೂರದ ಊರಿನ ಇಬ್ಬರು ಹುಡುಗರು ಟ್ಯಾಬ್ ಹಿಡಿದುಕೊಂಡು ಸಮೀಕ್ಷೆಗೆ ಬಂದಿದ್ದರು. ಒಳ್ಳೆಯ ಮಕ್ಕಳು, ಬಿಸಿಲಲ್ಲಿ ಮನೆಮನೆ ತಿರುಗಿದರು. ‘ನಿಮ್ಮ ಮನೆಯಿಂದ ಯಾರಾದರೂ ವಲಸೆ ಹೋಗಿದ್ದಾರೆಯೇ’ ಎಂಬುದು ಅವರ ಒಂದು ಪ್ರಶ್ನೆ. ನಮ್ಮ ಓಣಿಯ ಹನ್ನೊಂದು ಮನೆಯ ಹೆಂಗಸರೂ ‘ಇಲ್ರೀ’ ಅಂದರು. ಆ ಹನ್ನೊಂದರಲ್ಲಿ ಎಂಟು ಮನೆಯ ಗಂಡಸರು ಆ ಹೊತ್ತಿಗೆ ಬೆಂಗಳೂರಿನಲ್ಲಿ ಗಾರೆ ಕೆಲಸ, ಸೆಂಟ್ರಿಂಗ್ ಕೆಲಸದಲ್ಲಿದ್ದರು. ನಮ್ಮ ಮನೆಯವರೂ ಅವರಲ್ಲಿ ಒಬ್ಬರು. ಹೆಂಗಸರು ಯಾರೂ ಸುಳ್ಳು ಹೇಳಿರಲಿಲ್ಲ. ನಮ್ಮಲ್ಲಿ ವಲಸೆ ಅಂದರೆ ಮನೆಗೆ ಬೀಗ ಹಾಕಿ ಊರು ಬಿಟ್ಟೇ ಹೋದವರು. ಸುಗ್ಗಿ ಮುಗಿಸಿ ಹೋಗಿ ಮುಂಗಾರಿಗೆ ತಿರುಗಿ ಬರುವುದು ಗುಳೆ. ಆ ಮಾತನ್ನೂ ಈಗ ಆಡಲು ಸಂಕೋಚ, ‘ದುಡಿಯಾಕ ಹೋಗ್ಯಾರ’ ಅನ್ನುತ್ತಾರೆ. ನನ್ನ ಮಗಳು ಆ ಹುಡುಗರ ಪಕ್ಕದಲ್ಲಿ ಕೂತು ಪ್ರಶ್ನೆಯನ್ನೇ ಬದಲಿಸಿದಳು. ‘ದೀಪಾವಳಿಯಿಂದ ಯುಗಾದಿ ತನಕ ಮನ್ಯಾಗ ದಿನಾ ಎಷ್ಟ್ ಮಂದಿ ಉಂಡ್ರಿ?’ ಎಂದು ಕೇಳಿದಳು. ಎಲ್ಲ ಮನೆಯ ಲೆಕ್ಕವೂ ಸರಿಯಾಗಿ ಬಂತು. ಹೋಗುವಾಗ ಅವರಲ್ಲೊಬ್ಬ, ‘ಇದನ್ನೇ ಕಲಿಸುವ ಸ್ನಾತಕೋತ್ತರ ಪದವಿ ಇದೆ ಅಕ್ಕ, ನೀವು ಓದಲೇಬೇಕು’ ಎಂದು ಹೇಳಿ ಹೋದ.

ನಮ್ಮ ಅತ್ತೆಗೆ ಅದೆಂಥ ಓದು ಎಂದು ತಿಳಿಸಿ ಹೇಳುವುದು ಕಷ್ಟವಾಯಿತು. ‘ನಜೀರ್ ಸಾಬರು ಮಾಡಿದ್ರಲ್ಲ, ಅಂಥಾ ಕೆಲಸದ ಓದು’ ಅಂದಾಗ ಅವರಿಗೆ ಗೊತ್ತಾಯಿತು. ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ನೀರ್‌ಸಾಬ್ ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬರನ್ನು ನಮ್ಮ ಕಡೆಯ ಹಿರಿಯರು ಮರೆತಿಲ್ಲ.

ಎಲ್ಲೆಲ್ಲಿ ಓದಬಹುದು ಎಂದು ಹುಡುಕಿದೆವು. ಗದಗದಲ್ಲಿ 2016ರಲ್ಲಿ ಶುರುವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಮಗೆ ಹತ್ತಿರ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ಅಧ್ಯಯನ ವಿಭಾಗವಿದೆ. ಮಹಾರಾಷ್ಟ್ರದ ತುಳಜಾಪುರ ಅಂದರೆ ನಮಗೆ ಅಂಬಾಭವಾನಿ. ಅಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ, ಗ್ರಾಮೀಣಾಭಿವೃದ್ಧಿಯನ್ನೇ ಮುಖ್ಯವಾಗಿ ಕಲಿಸುತ್ತಾರೆ ಎಂಬುದು ದೇವಿಗೆ ನಡೆದುಕೊಳ್ಳುವ ನಮ್ಮ ಬಂಧುಗಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಹೈದರಾಬಾದಿನ ರಾಜೇಂದ್ರನಗರದಲ್ಲಿ ರಾಷ್ಟ್ರೀಯ ಗ್ರಾಮೀಣಾಭಿವೃದ್ಧಿ ಸಂಸ್ಥೆ, ಗುಜರಾತಿನ ಆನಂದದಲ್ಲಿ ವರ್ಗೀಸ್ ಕುರಿಯನ್ ಅವರು 1979ರಲ್ಲಿ ಕಟ್ಟಿದ ಗ್ರಾಮೀಣ ನಿರ್ವಹಣಾ ಸಂಸ್ಥೆ ಇರ್ಮಾ. ಇರ್ಮಾದ ಶುಲ್ಕ ಲಕ್ಷಗಳಲ್ಲಿ ಇರುವುದನ್ನು ನೋಡಿ ಆ ಪುಟ ಮುಚ್ಚಿದೆವು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಅಭಿವೃದ್ಧಿ ವಿಷಯದ ಎಂ.ಎ. ಇದೆ. ಅಲ್ಲಿ ಮನೆಯ ಆದಾಯ ನೋಡಿ ಪೂರ್ತಿ ಅಥವಾ ಭಾಗಶಃ ನೆರವು ಕೊಡುತ್ತಾರೆ, ಅದೂ ಪ್ರವೇಶದ ಹೊತ್ತಿಗೇ ತೀರ್ಮಾನ ಮಾಡುತ್ತಾರೆ. ಈ ಒಂದು ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ನಾನು ಕೇಳುವುದೂ ಇಂಥದ್ದನ್ನೇ.

ಭಾಷೆಯ ಸಂಗತಿಯನ್ನೂ ಹೇಳಬೇಕು. ತುಳಜಾಪುರಕ್ಕೆ ಹೋಗಲಿ, ನಮ್ಮದೇ ಕಲಬುರಗಿ ಹತ್ತಿರದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗಲಿ, ಈಗ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಪದವಿಗೆ ಸೇರುವ ಸಿಯುಇಟಿಯನ್ನು ಕನ್ನಡದಲ್ಲಿ ಬರೆಯಬಹುದು. ಮೂರು ವರ್ಷ ಕನ್ನಡದಲ್ಲೇ ಪದವಿ ಓದಿಸಿ, ಆಮೇಲೆ ಎಂ.ಎ.ಗೆ ಸೇರುವ ಸಿಯುಇಟಿಯಲ್ಲಿ ಮಾತ್ರ ಪ್ರಶ್ನೆಗಳನ್ನು ಇಂಗ್ಲಿಷ್, ಹಿಂದಿಯಲ್ಲಿ ಕೊಡುತ್ತಾರೆ. ಮನೆಯಲ್ಲೇ ಕೂತು ಓದಬಹುದಾದ ಇಗ್ನೊ ಮುಕ್ತ ವಿಶ್ವವಿದ್ಯಾಲಯದ ಗ್ರಾಮೀಣಾಭಿವೃದ್ಧಿ ಎಂ.ಎ. ಕೂಡ ಇಂಗ್ಲಿಷ್, ಹಿಂದಿಯಲ್ಲೇ ಇದೆ. ನನ್ನ ಮಗಳಿಗೆ ಅಂತರ್ಜಲ ಗೊತ್ತು, ಬದು ಗೊತ್ತು, ಕೃಷಿಹೊಂಡ ಗೊತ್ತು, ಉದ್ಯೋಗ ಖಾತ್ರಿಯ ಎನ್‌ಎಂಆರ್ ಹಾಳೆಯಲ್ಲಿ ಹಾಜರಿ ಹೇಗೆ ಬೀಳುತ್ತದೆ ಎಂಬುದೂ ಗೊತ್ತು. ಪರೀಕ್ಷೆಯಲ್ಲಿ ಅವೇ ವಿಷಯಗಳ ಮೇಲಿನ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಹೊತ್ತು ಮುಗಿದಿತ್ತು. ಪರೀಕ್ಷೆ ಬರೆದು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ಅವಳು ಒಂದು ಮಾತೂ ಆಡಲಿಲ್ಲ. ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಲು ಅವಕಾಶ ಕೊಡಿಸಿ ಎಂದು ನಮ್ಮ ಭಾಗದ ಸಂಸದರು ದೆಹಲಿಯಲ್ಲಿ ಕೇಳಬೇಕು.

ಇಷ್ಟಾದರೂ 2023ರ ಜುಲೈನಲ್ಲಿ ಹೊರ ರಾಜ್ಯದ ಒಂದು ಸಂಸ್ಥೆ ಅವಳನ್ನು ಸಂದರ್ಶನ ಮಾಡಿ ಆಯ್ಕೆ ಮಾಡಿತು. ಹೆಸರು ಬರೆಯುವುದಿಲ್ಲ, ಅವರ ನಿಯಮ ಎಲ್ಲರಿಗೂ ಒಂದೇ. ಮಂಗಳವಾರ ಸಂಜೆ ಇ-ಮೇಲ್ ಬಂತು. ಮುಂದಿನ ಸೋಮವಾರದೊಳಗೆ 42,000 ರೂಪಾಯಿ ಕಟ್ಟಬೇಕು, ಇಲ್ಲವಾದರೆ ಸೀಟು ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ.

ಆ ವರ್ಷ ಜೂನ್‌ನಲ್ಲಿ ನಮ್ಮಲ್ಲಿ ಮಳೆಯೇ ಆಗಲಿಲ್ಲ. ಹೆಸರು ಬಿತ್ತುವ ಹದ ತಪ್ಪಿಹೋಯಿತು. ಮುಂದೆ ಸರ್ಕಾರವೇ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ ವರ್ಷ ಅದು. ನನ್ನ ಬೋರಮಾಳ ಸರ ಬೀಜ ಗೊಬ್ಬರಕ್ಕೆ ಅಂತ ಮೊದಲೇ ಅಡವು ಹೋಗಿತ್ತು. ಖಾತೆಯಲ್ಲಿ 9,000 ಇತ್ತು. ಯಜಮಾನರು ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದು 10,000 ಹಾಕಿದರು. ತವರಿನಿಂದ ಅಣ್ಣ 10,000 ಕೊಟ್ಟ. ಶನಿವಾರ ರಾತ್ರಿ ಲೆಕ್ಕ ಹಾಕಿದಾಗ 29,000 ಆಗಿತ್ತು. 13,000 ಕಡಿಮೆ.

ನಮ್ಮ ಸಂಘದ ಆ ವಾರದ ಸಭೆ ಮುಗಿದುಹೋಗಿತ್ತು, ಮುಂದಿನದು ಗುರುವಾರಕ್ಕೆ ಇತ್ತು. ಕೊನೆಯ ದಿನ ಸೋಮವಾರ. ಸಂಘದ ಖಾತೆಯಲ್ಲಿ ದುಡ್ಡು ಇತ್ತು, ಸಹಿ ಮಾಡುವವರೂ ಊರಲ್ಲೇ ಇದ್ದರು. ಆದರೆ ಪುಸ್ತಕ ಬರೆಯುವವಳೇ ಠರಾವಿಲ್ಲದೆ ತನ್ನ ಮನೆಗೆ ಸಾಲ ತೆಗೆದರೆ ಆ ಸಂಘ ಒಂದು ವರ್ಷ ಬಾಳುವುದಿಲ್ಲ. ನಿಯಮಿತ ಸಭೆ, ಉಳಿತಾಯ, ಸಾಲ, ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ ಎಂಬ ಪಂಚಸೂತ್ರವನ್ನು ಉಳಿದ ಹೆಣ್ಣುಮಕ್ಕಳಿಗೆ ಹೇಳಿಕೊಡುವವಳು ನಾನು. ನಾನು ಕೇಳಲಿಲ್ಲ. ಸೋಮವಾರ ಕಳೆಯಿತು. ಗುರುವಾರ ಸಭೆಯಲ್ಲಿ ವಿಷಯ ತಿಳಿದ ಹೆಂಗಸರು ‘ಮನಿಗೆ ಬಂದು ಒಂದ್ ಮಾತ್ ಹೇಳಿದ್ರ ರಾತ್ರ್ಯಾಗ ಸಭಾ ಮಾಡ್ತಿದ್ದಿವೆಲ್ರೀ ಅಕ್ಕಾರ’ ಎಂದು ನನ್ನನ್ನೇ ಬೈದರು. ನಾನು ಇವತ್ತಿಗೂ ಆ ಮೂರು ದಿನಗಳನ್ನು ಎಣಿಸುತ್ತೇನೆ.

ಇದನ್ನು ಓದಿದವರು ಕೇಳಬಹುದು, ಇಷ್ಟೆಲ್ಲ ಯೋಜನೆಗಳಿರುವಾಗ 13,000ಕ್ಕೆ ಯಾಕೆ ಪರದಾಡಿದಿರಿ ಎಂದು. ಒಂದೊಂದನ್ನೂ ಹಿಡಿದು ನೋಡಿದ್ದೇವೆ.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ಮರುಪಾವತಿ, ಹಾಸ್ಟೆಲ್ ಸಿಗದ ಮಕ್ಕಳಿಗೆ ಹತ್ತು ತಿಂಗಳು ನೆರವು ಕೊಡುವ ವಿದ್ಯಾಸಿರಿ, ಇವೆಲ್ಲ ರಾಜ್ಯದ ವಿದ್ಯಾರ್ಥಿವೇತನ ಜಾಲತಾಣ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ ಮೇಲೆ. ಅರ್ಜಿ ಹಾಕಬೇಕಾದರೆ ಮೊದಲು ಸೇರಿರಬೇಕು. ಸೇರಬೇಕಾದರೆ ಮೊದಲು ಕಟ್ಟಬೇಕು. ಮರುಪಾವತಿ ಎಂಬ ಹೆಸರೇ ಹೇಳುತ್ತದೆ, ಒಮ್ಮೆ ಪಾವತಿ ಮಾಡಿದವರಿಗೆ ಅದು ತಿರುಗಿ ಬರುವ ದುಡ್ಡು.

ರೈತ ವಿದ್ಯಾನಿಧಿ 2021ರಲ್ಲಿ ಶುರುವಾದಾಗ ಸ್ನಾತಕೋತ್ತರ ಓದುವ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ಎಂದು ಗೊತ್ತು ಮಾಡಿದ್ದರು. ನಮಗೆ ಎರಡು ಎಕರೆ ಮಸಾರಿ ಹೊಲವಿದೆ. ಪಹಣಿ ಇನ್ನೂ ತೀರಿಹೋದ ಮಾವನವರ ಹೆಸರಲ್ಲೇ ಇತ್ತು. ಪೌತಿ ಖಾತೆ ಮಾಡಿಸದೆ ನಮ್ಮ ಯಜಮಾನರ ಹೆಸರಿಗೆ ರೈತರ ನೋಂದಣಿಯ ಫ್ರೂಟ್ಸ್ ಐಡಿ ಆಗುವುದಿಲ್ಲ, ಐಡಿ ಇಲ್ಲದೆ ರೈತನ ಮಗಳು ಎಂದು ತೋರಿಸುವುದಕ್ಕೆ ಆಗುವುದಿಲ್ಲ. ಅಣ್ಣತಮ್ಮಂದಿರಲ್ಲಿ ಒಬ್ಬರು ಮುಂಬೈ ಸೇರಿದ್ದಾರೆ, ಅವರು ಬಂದು ಸಹಿ ಮಾಡುವಷ್ಟರಲ್ಲಿ ಎರಡು ವರ್ಷ ಹೋಯಿತು. ಇದನ್ನು ಓದುತ್ತಿರುವ ತಂದೆತಾಯಿಗಳಿಗೆ ನನ್ನ ಕೈಮುಗಿದ ವಿನಂತಿ: ಮಗ ಅಥವಾ ಮಗಳು ಪಿಯುಸಿಯಲ್ಲಿರುವಾಗಲೇ ಪೌತಿ ಖಾತೆ ಮಾಡಿಸಿಕೊಳ್ಳಿ. ಆಧಾರ್‌ನಲ್ಲಿರುವ ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ ನೋಡಿ. ನನ್ನ ಮಗಳಿಗೆ ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಇನಿಶಿಯಲ್ ಮಾತ್ರ. ಅಷ್ಟಕ್ಕೇ ಅರ್ಜಿ ಎರಡು ಸಲ ನಿಂತಿತು. ಎರಡು ಬ್ಯಾಂಕ್ ಖಾತೆಗಳಿದ್ದರೆ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಜೋಡಣೆ, ಯಾವುದಕ್ಕೆ ಆಗಿದೆ ಎಂದು ಕೇಳಿಕೊಳ್ಳಿ, ಸರ್ಕಾರದ ದುಡ್ಡು ಆ ಖಾತೆಗೇ ಬೀಳುತ್ತದೆ.

ಇನ್ನು ಬ್ಯಾಂಕು. ಶಿಕ್ಷಣ ಸಾಲ 4 ಲಕ್ಷದವರೆಗೆ ಆಸ್ತಿ ಆಧಾರವಿಲ್ಲದೆ ಕೊಡಬೇಕೆಂಬ ನಿಯಮವಿದೆ. ಅದನ್ನು ನಂಬಿಕೊಂಡು ಒಂದು ಶಾಖೆಗೆ ಹೋದೆವು. ಸಾಹೇಬರು ಕೆಟ್ಟವರಲ್ಲ, ಕೂರಿಸಿ ಮಾತಾಡಿಸಿದರು. ‘ಎಂಜಿನಿಯರಿಂಗ್ ಆಗಿದ್ದರೆ ನೋಡಬಹುದಿತ್ತು. ಹಳ್ಳಿ ವಿಷಯದ ಎಂ.ಎ.ಗೆ ಕೊಟ್ಟರೆ ತೀರಿಸುವುದು ಹೇಗಮ್ಮ?’ ಎಂದರು. ಬಡ್ಡಿ ರಿಯಾಯಿತಿಯ ಕೇಂದ್ರದ ಯೋಜನೆ ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗೆ ಮಾತ್ರ, ಇದು ಅದರೊಳಗೆ ಬರುವುದಿಲ್ಲ ಎಂದೂ ಹೇಳಿದರು. ಆಮೇಲೆ 2024ರ ನವೆಂಬರ್‌ನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಬಂತು. ಜಾಮೀನು ಬೇಡ, ಆಧಾರ ಬೇಡ, ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3 ರಿಯಾಯಿತಿ. ಒಳ್ಳೆಯ ಯೋಜನೆ. ಆದರೆ ರ‍್ಯಾಂಕಿಂಗ್ ಪಟ್ಟಿಯಲ್ಲಿ ಮೇಲಿರುವ ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ ಮಾತ್ರ. ಆ ಸಾಹೇಬರ ಮಾತಿನಿಂದ ನನಗಾದ ನೋವನ್ನು ಇಲ್ಲಿ ಹೇಳಲೇಬೇಕು. ನಮ್ಮ ಸಂಘಗಳಿಗೆ 10 ಲಕ್ಷದವರೆಗೆ ಯಾವ ಆಧಾರವೂ ಇಲ್ಲದೆ ಬ್ಯಾಂಕು ಸಾಲ ಕೊಡುತ್ತದೆ. ನನ್ನ ಸಹಿಯಿರುವ ಪುಸ್ತಕ ನೋಡಿಯೇ ಕೊಡುತ್ತದೆ. ಕುರಿ ಸಾಕಲು, ಹೊಲಿಗೆ ಯಂತ್ರಕ್ಕೆ, ಕಿರಾಣಿ ಅಂಗಡಿಗೆ ನಾವು ಕೇಳಿದಾಗ ತೀರಿಸುವುದು ಹೇಗೆ ಎಂಬ ಅನುಮಾನ ಬರಲಿಲ್ಲ. ಅದೇ ಹೆಂಗಸಿನ ಮಗಳು ಓದುತ್ತೇನೆ ಅಂದಾಗ ಬಂತು.

ಕಟ್ಟಡ ಕಾರ್ಮಿಕರ ಕಾರ್ಡಿನ ಮೇಲೆ ಬರುವ ಮಕ್ಕಳ ಸಹಾಯಧನವನ್ನು 2023ರಲ್ಲಿ ಇಳಿಸಿದರು. ಅದರ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ಮಗಳು ಒಂದು ವರ್ಷ ಮನೆಯಲ್ಲಿ ಉಳಿದಳು. ಪದವಿ ಮುಗಿದು 180 ದಿನವಾದರೂ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ಬರುತ್ತದೆ. ಅವಳಿಗೂ ಬಂತು. ನಮಗೆ ಅದರಿಂದ ಉಪಕಾರವಾಗಿದೆ, ಮುಂದಿನ ವರ್ಷದ ಅರ್ಜಿ ಶುಲ್ಕ, ಸಂದರ್ಶನಕ್ಕೆ ಹೋಗಿಬರುವ ಖರ್ಚು, ಒಂದು ಹಳೆಯ ಲ್ಯಾಪ್‌ಟಾಪ್ ಎಲ್ಲ ಅದರಲ್ಲೇ ಆಯಿತು. ಆದರೆ ಅದರ ನಿಯಮ ನೋಡಿ. ಮುಂದೆ ಓದುತ್ತಿಲ್ಲ, ಕೆಲಸವೂ ಸಿಕ್ಕಿಲ್ಲ ಎಂದು ಸ್ವಯಂ ಘೋಷಣೆ ಕೊಡಬೇಕು. ಎರಡು ವರ್ಷ ಮನೆಯಲ್ಲಿದ್ದರೆ 72,000 ರೂಪಾಯಿ. ಎಂ.ಎ.ಗೆ ಸೇರಿದ ದಿನವೇ ನಿಲ್ಲುತ್ತದೆ. ಸೇರುವ ಹೊತ್ತಿನಲ್ಲೇ ದುಡ್ಡಿನ ಅಗತ್ಯ ಹೆಚ್ಚು. ಕೆಲಸವಿಲ್ಲದವರಿಗೆ ಕೊಡುವುದನ್ನು ನಿಲ್ಲಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ. ಇನ್ನೂ ಬರಬೇಕಾದ ತಿಂಗಳುಗಳಿದ್ದು, ಅಷ್ಟರಲ್ಲಿ ಓದಿಗೆ ಸೇರಿದವರಿಗೆ ಉಳಿದ ಮೊತ್ತದಲ್ಲಿ ಮೊದಲ ಸೆಮಿಸ್ಟರ್ ಶುಲ್ಕದಷ್ಟನ್ನಾದರೂ ಒಮ್ಮೆಗೇ ಕೊಟ್ಟು ಕಳಿಸಿದರೆ ಯಾರಿಗೂ ನಷ್ಟವಿಲ್ಲ.

2024ರಲ್ಲಿ ಮಗಳು ಮತ್ತೆ ಅರ್ಜಿ ಹಾಕಿ ಗದಗಕ್ಕೆ ಸೇರಿದಳು. ಈ ಸಲ ನಾನು ಮೊದಲೇ ಸಭೆಯಲ್ಲಿ ವಿಷಯ ಇಟ್ಟೆ. ಸಂಘದ ಹೆಂಗಸರು ಠರಾವು ಮಾಡಿ 35,000 ಸಾಲ ಕೊಟ್ಟರು. ಶುಲ್ಕ, ಹಾಸ್ಟೆಲ್ ಸಿಗುವ ತನಕ ಬಾಡಿಗೆ ಕೋಣೆ, ಗಾದಿ, ಪಾತ್ರೆ, ಪುಸ್ತಕ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, ವಿದ್ಯಾರ್ಥಿವೇತನ ಬರುವ ತನಕ ಬಡ್ಡಿ ಮಾತ್ರ ಕಟ್ಟಿದರೆ ಸಾಕು ಎಂದು ಒಪ್ಪಿದರು. ಹೆಬ್ಬೆಟ್ಟು ಒತ್ತುವ ಇಬ್ಬರು ಹಿರಿಯ ಸದಸ್ಯೆಯರು ಇದ್ದಾರೆ, ಅವರೇ ಮೊದಲು ಕೈ ಎತ್ತಿದವರು. ಅದರಲ್ಲೊಬ್ಬಾಕೆ, ‘ನಾಳೆ ಇಕಿ ಆಫೀಸರ್ ಆಗಿ ಟ್ಯಾಬ್ ಹಿಡ್ಕೊಂಡು ಬಂದ್ರ ನಾವು ಏನ್ ಹೇಳ್ತೀವಿ ಅದನ್ನ ಬರ್ಕೊಂತಾಳ’ ಅಂದಳು.

ಮೊದಲ ವರ್ಷದ ವಿದ್ಯಾರ್ಥಿವೇತನ ಖಾತೆಗೆ ಬಂದದ್ದು 13 ತಿಂಗಳ ಮೇಲೆ, ಅವಳು ಎರಡನೇ ವರ್ಷಕ್ಕೆ ಕಾಲಿಟ್ಟಾಗ. ತಿಂಗಳಿಗೆ 350ರಂತೆ 4,550 ರೂಪಾಯಿ ಬಡ್ಡಿ ಕಟ್ಟಿದೆವು. ಸಂಘವಿರದೆ ಊರ ಸಾಹುಕಾರರ ಹತ್ತಿರ ನೂರಕ್ಕೆ ಮೂರರಂತೆ ತಂದಿದ್ದರೆ 13,650 ಆಗುತ್ತಿತ್ತು. ಸಂಘದ ಬಡ್ಡಿ ತಿರುಗಿ ನಮ್ಮ ಹೆಂಗಸರಿಗೇ ಸೇರುತ್ತದೆ, ಅದಕ್ಕೆ ನನಗೆ ದುಃಖವಿಲ್ಲ. ಆದರೆ ಸರ್ಕಾರ ಕೊಡುತ್ತೇನೆಂದು ಒಪ್ಪಿದ ದುಡ್ಡಿಗೆ, ಅದು ಬರುವ ತನಕ ಬಡವರು ಬಡ್ಡಿ ಕಟ್ಟುತ್ತಾ ಕೂರಬೇಕು ಎಂಬುದು ಯಾವ ಪುಸ್ತಕದಲ್ಲೂ ಸರಿಯಾದ ಲೆಕ್ಕವಲ್ಲ.

ಈಗ ನನ್ನ ಬೇಡಿಕೆ. ಸಂಘಗಳು ಶುರುವಾಗಿ ಕೆಲವು ತಿಂಗಳು ಸರಿಯಾಗಿ ನಡೆದ ಮೇಲೆ ಅವಕ್ಕೆ ಸುತ್ತುನಿಧಿ ಅಂತ ಒಂದು ಮೊತ್ತ ಕೊಡುತ್ತಾರೆ. ಒಬ್ಬಾಕೆ ತೆಗೆದುಕೊಂಡು ತೀರಿಸುತ್ತಾಳೆ, ಅದೇ ದುಡ್ಡು ಇನ್ನೊಬ್ಬಾಕೆಗೆ ಹೋಗುತ್ತದೆ. ಸ್ನಾತಕೋತ್ತರ ಓದಿಗೆ ಸೀಟು ಸಿಕ್ಕ ಮಕ್ಕಳಿಗೆ ಜಿಲ್ಲಾ ಮಟ್ಟದಲ್ಲಿ ಇಂಥದ್ದೇ ಒಂದು ಸುತ್ತುನಿಧಿ ಬೇಕು. ಪ್ರವೇಶದ ಪತ್ರ ತೋರಿಸಿದರೆ ಮೂರು ದಿನದೊಳಗೆ ಮೊದಲ ಕಂತಿನ ಶುಲ್ಕ ನೇರವಾಗಿ ಸಂಸ್ಥೆಯ ಖಾತೆಗೆ ಹೋಗಬೇಕು. ವಿದ್ಯಾರ್ಥಿವೇತನ ಬಂದಾಗ ವಿದ್ಯಾರ್ಥಿ ಅದನ್ನು ನಿಧಿಗೆ ತುಂಬಬೇಕು. ಹೊರ ರಾಜ್ಯಕ್ಕೆ ಹೋಗುವವರಿಗೂ ಇದು ಸಿಗಬೇಕು. ಗದಗಕ್ಕೆ ಹೋಗುವುದಾದರೆ ಶಕ್ತಿ ಯೋಜನೆಯ ಬಸ್ಸಿದೆ, 2025ರ ಮೇನಲ್ಲಿ ಕುಷ್ಟಗಿಗೆ ರೈಲೂ ಬಂದಿದೆ, ನನ್ನ ಮಗಳು ಈಗ ಹಬ್ಬಕ್ಕೆ ಅದರಲ್ಲೇ ಬರುತ್ತಾಳೆ. ತುಳಜಾಪುರಕ್ಕೋ ಹೈದರಾಬಾದಿಗೋ ಹೋಗುವ ಹುಡುಗಿಗೆ ಪ್ರತಿಯೊಂದು ಕೈಯಿಂದಲೇ ಆಗಬೇಕು.

ದುಡ್ಡು ಎಲ್ಲಿಂದ ಎಂದರೆ, ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ ರಾಜ್ಯ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ಘೋಷಿಸುತ್ತಾ ಬಂದಿದ್ದಾರೆ. ಏಳು ಜಿಲ್ಲೆ, ಜಿಲ್ಲೆಗೆ 200 ಮಕ್ಕಳು, ಒಬ್ಬರಿಗೆ 50,000 ಎಂದು ಹಿಡಿಯಿರಿ. ಒಟ್ಟು 7 ಕೋಟಿ. ಅದೂ ಒಂದು ಸಲ ಇಟ್ಟರೆ ಸಾಕು, ತಿರುಗುತ್ತಾ ಇರುತ್ತದೆ. ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಅತಿ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತು, ಅದರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದು ಹತ್ತು ವರ್ಷ ದಾಟಿತು. ಅದರಿಂದ ಈ ಭಾಗದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಸೀಟಿನಲ್ಲಿ ಮೀಸಲಾತಿ ಇದೆ. ಮೀಸಲಿಟ್ಟ ಸೀಟಿಗೆ ಕಟ್ಟುವ ದುಡ್ಡು ಸಮಯಕ್ಕೆ ಒದಗದಿದ್ದರೆ ಆ ಹಕ್ಕನ್ನು ಬಳಸುವುದು ಹೇಗೆ?

ತಿರುಗಿ ಕಟ್ಟುತ್ತಾರಾ ಎಂಬ ಅನುಮಾನ ಅಧಿಕಾರಿಗಳಿಗೆ ಬಂದೇ ಬರುತ್ತದೆ. ವಸೂಲಿಯ ಹೊಣೆಯನ್ನು ಆಯಾ ಗ್ರಾಮ ಪಂಚಾಯಿತಿಯ ಒಕ್ಕೂಟಕ್ಕೆ ಕೊಡಲಿ. ಆ ಹುಡುಗಿಯ ಅವ್ವ ನಮ್ಮ ಸಂಘದಲ್ಲೇ ಇರುತ್ತಾಳೆ, ವಾರವಾರ ಮುಖ ನೋಡುತ್ತೇವೆ. ನಮ್ಮ ಒಕ್ಕೂಟದಲ್ಲಿ ಬರದ ವರ್ಷದಲ್ಲೂ ಕಂತು ತಡವಾಗಿದೆ, ಮುಳುಗಿಲ್ಲ.

ಇನ್ನೊಂದು ಚಿಕ್ಕ ಕೆಲಸವಿದೆ, ಅದಕ್ಕೆ ದುಡ್ಡೂ ಬೇಡ. ರಾಜ್ಯದ ವಿಶ್ವವಿದ್ಯಾಲಯಗಳು ಕೊನೆಯ ಸೆಮಿಸ್ಟರ್ ಫಲಿತಾಂಶವನ್ನು ತಡ ಮಾಡಬಾರದು. ಹೊರಗಿನ ಸಂಸ್ಥೆಗಳು ಅಂಕಪಟ್ಟಿಗೆ ಕೊನೆಯ ದಿನ ಇಟ್ಟಿರುತ್ತವೆ. ಸೀಟು ಸಿಕ್ಕು, ದುಡ್ಡೂ ಹೊಂದಿಸಿ, ಅಂಕಪಟ್ಟಿ ಇಲ್ಲದೆ ತಿರುಗಿ ಬಂದ ಒಬ್ಬ ಹುಡುಗ ನಮ್ಮ ಪಕ್ಕದ ಊರಲ್ಲೇ ಇದ್ದಾನೆ, ಈಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುತ್ತಾನೆ. ಹಾಗೆಯೇ ಯಾವ ಪ್ರವೇಶಕ್ಕೆ ಯಾವ ತಾರೀಖು ಎಂಬುದನ್ನು ಪ್ರತಿ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಡಿಸೆಂಬರ್‌ನಿಂದಲೇ ಗೋಡೆಗೆ ಹಚ್ಚಬೇಕು. ಮಕ್ಕಳು ಅಲ್ಲಿಗೆ ಪತ್ರಿಕೆ ಓದಲು ಬಂದೇ ಬರುತ್ತಾರೆ.

ನನ್ನ ಮಗಳದು ಈಗ ಕೊನೆಯ ಸೆಮಿಸ್ಟರ್. ಕ್ಷೇತ್ರಕಾರ್ಯಕ್ಕೆ ಅವಳು ಆರಿಸಿಕೊಂಡಿರುವುದು ನಮ್ಮ ತಾಲ್ಲೂಕನ್ನೇ, ಗುಳೆ ಹೋದ ಮನೆಗಳಲ್ಲಿ ಉಳಿಯುವ ಮುದುಕರು, ಮಕ್ಕಳ ಊಟದ ಬಗ್ಗೆ. ಮನೆಮನೆಗೆ ಹೋಗಿ ಕೂತು ಕೇಳುತ್ತಾಳೆ, ಹಾಳೆಯನ್ನು ಆಮೇಲೆ ಬರೆಯುತ್ತಾಳೆ.

ಆ ಸದಸ್ಯೆಯ ಮಗಳಿಗೆ ಮೊನ್ನೆ ರಾತ್ರಿ ಇಬ್ಬರೂ ಕೂತು ಒಂದು ಹಾಳೆಯಲ್ಲಿ ತಾರೀಖು ಬರೆದುಕೊಟ್ಟೆವು. ಅವಳಿಗೆ ಸೀಟು ಸಿಕ್ಕರೆ ಮೊದಲ ದಿನಕ್ಕೇ 48,000 ಬೇಕಾಗಬಹುದು. ಬರುವ ಗುರುವಾರದ ಸಭೆಯಲ್ಲಿ ಅವಳ ಅವ್ವನ ಹೆಸರಿನಲ್ಲಿ ಮುಂಗಡ ಠರಾವು ಬರೆಯಲು ಎಲ್ಲರೂ ಒಪ್ಪಿದ್ದಾರೆ. ಸಂಘದ ಕೈಯಲ್ಲಿ ಈಗ ಇರುವುದು 30,000. ಉಳಿದ 18,000 ಎಲ್ಲಿಂದ ಎಂಬ ಕಲಮನ್ನು ಠರಾವಿನಲ್ಲಿ ಖಾಲಿ ಬಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಎಂಬಿಕೆ, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ

(ಮಗಳ ಓದು ಮುಗಿಯುವ ತನಕ ನನ್ನ ಹೆಸರು, ಊರಿನ ಹೆಸರು ಪ್ರಕಟಿಸಬೇಡಿ ಎಂದು ವಿನಂತಿ.)